ಛಾಯಾಗ್ರಾಹಕ ವಿ. ಕೆ. ಮೂರ್ತಿಗಳು

ವಿಜಯಪುರದ ಇಬ್ರಾಹಿಂ ರೋಜಾವನ್ನು ಕಂಡವರು ಅಲ್ಲಿಯ ಕಲ್ಲಿನ ಜಾಲಂಧ್ರಗಳನ್ನು ಮರೆಯಲಾರರು. ಲಿಪಿಯ ರೇಖೆಗಳನ್ನು ಕಲ್ಲಿನಲ್ಲಿಯೇ ಉಳಿಸಿ, ನಡುವಣ ತೆರಪುಗಳನ್ನು ಕೊರೆದು, ಒಳಮನೆಗೆ ಬೇಕಾದಷ್ಟು ಬೆಳಕನ್ನು ಮಾತ್ರವೇ ಶಿಲ್ಪಿಗಳು ಬಿಟ್ಟುಕೊಂಡಿರುವರು. ಬೆಳಕನ್ನು ತುಂಬುವುದಕ್ಕಿಂತಲೂ ಅದನ್ನು ತಡೆದು ನಿಲ್ಲಿಸುವುದಕ್ಕೆ ಹೆಚ್ಚಿನ ಜಾಣ್ಮೆ ಬೇಕೆಂಬುದು ಅಲ್ಲಿ ಪ್ರತ್ಯಕ್ಷವಾಗುತ್ತದೆ. ಈ ಮರ್ಮವನ್ನೇ ಚಲಚ್ಚಿತ್ರದ ಪರದೆಯ ಮೇಲೆ ಸಾಧಿಸಿದ ಕನ್ನಡಿಗರು ವಿ. ಕೆ. ಮೂರ್ತಿಗಳು. ಅವರು ತೆಗೆದ ಚಿತ್ರಗಳನ್ನು ಕಂಡವರು ಅಸಂಖ್ಯರು. ಅವರ ಹೆಸರನ್ನು ಬಲ್ಲವರು ವಿರಳ.

ಮೂರ್ತಿಗಳು 1923ನೆಯ ನವೆಂಬರ 26ರಂದು ಮೈಸೂರಿನಲ್ಲಿ ಜನಿಸಿದರು. ಎಳೆತನದಲ್ಲಿ ಪಿಟೀಲನ್ನು ಅಭ್ಯಾಸಮಾಡಿದರು. ಸ್ವಾತಂತ್ರ್ಯದ ಚಳವಳಿಯಲ್ಲಿ ಸೇರಿ ಸೆರೆವಾಸವನ್ನೂ ಅನುಭವಿಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯಲ್ಲಿ ಚಲಚ್ಚಿತ್ರ ಛಾಯಾಗ್ರಹಣವನ್ನು ಕಲಿತು 1946ರಲ್ಲಿ ಉತ್ತೀರ್ಣರಾದರು. ಈ ಕಸುಬನ್ನು ಯಾರಾದರೊಬ್ಬರ ಕೈಕೆಳಗೆ ದುಡಿದೇ ಕಲಿಯಬೇಕಾಗಿದ್ದ ಕಾಲದಲ್ಲಿ ಅದಕ್ಕೊಂದು ಪಾಠಶಾಲೆ ಕನ್ನಡನಾಡಿನಲ್ಲಿ ತೆರೆದಿದ್ದುದು ಸ್ಮರಣೀಯವಾದ ಸಂಗತಿ. ಆದರೆ ಶಾಲೆಯ ಪ್ರಮಾಣಪತ್ರವೊಂದರಿಂದಲೇ ಕೈ ಪಳಗುವುದಿಲ್ಲ. ಮುಂಬಯಿಗೆ ತೆರಳಿ, ಫಾಲಿ ಮಿಸ್ತ್ರಿ ಮೊದಲಾದ ಹಿರಿಯರ ಬಳಿ ಅವರು ಸಹಾಯಕರಾಗಿ ದುಡಿದರು.

1951ರ 'ಬಾಜಿ' ಚಿತ್ರದಲ್ಲಿಯೂ ಮೂರ್ತಿಗಳು ಸಹಾಯಕರೇ. ಚಿತ್ರದ ದಿಗ್ದರ್ಶಕರು ಬೆಂಗಳೂರಿನಲ್ಲಿ ಜನಿಸಿದ ಗುರುದತ್ತರು. ಛಾಯಾಯಂತ್ರವನ್ನು ಚಲಿಸುತ್ತ ತೆಗೆಯಬೇಕಾದ ಕಠಿನವಾದ ದೃಶ್ಯವೊಂದನ್ನು ಮೂರ್ತಿಗಳು ಮುಂದೆ ಬಂದು ಸಾಧಿಸಿಕೊಟ್ಟರು. ಅದನ್ನು ಕಂಡ ಗುರುದತ್ತರು ತಮ್ಮ ಮುಂದಿನ ಚಿತ್ರವಾದ 'ಜಾಲ್'ನ (1952) ಛಾಯಾಗ್ರಹಣವನ್ನು ಅವರಿಗೇ ಒಪ್ಪಿಸಿದರು. ಅಂದಿನಿಂದ ಇಬ್ಬರ ಜೋಡಿ ಬೇರ್ಪಡಲಿಲ್ಲ.

1957ರ 'ಪ್ಯಾಸಾ' ಚಿತ್ರದಲ್ಲಿ, ಸತ್ತನೆಂದು ಲೋಕವು ನಂಬಿದ ಕವಿಯು ತನ್ನದೇ ಸ್ಮರಣೋತ್ಸವದ ಸಭೆಯ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಬೆಳಕು ಅವನ ಬೆನ್ನ ಹಿಂದೆ ಇದೆ, ಮುಖವು ಕತ್ತಲೆಯಲ್ಲಿದೆ. ಮುಖವನ್ನು ಬೆಳಗಿಸುವುದೇ ಛಾಯಾಗ್ರಾಹಕನ ಧರ್ಮವೆಂದು ಬಗೆದವರು ಈ ದೃಶ್ಯವನ್ನು ತೆಗೆಯಲಾರರು.

1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲನೆಯ ಸಿನೆಮಾಸ್ಕೋಪ್ ಚಿತ್ರ. ಪರದೆಯು ಅಗಲವಾದಂತೆ ತೆರಪೂ ಹೆಚ್ಚುತ್ತದೆ. ಎರಡೇ ಪಾತ್ರಗಳಿರುವಲ್ಲಿ ಉಳಿದ ಬಯಲನ್ನು ಏನು ಮಾಡಬೇಕು? ಮೂರ್ತಿಗಳು ಅದನ್ನು ನೆರಳಿಗೆ ಬಿಟ್ಟರು. ಬರಿದಾದ ಚಿತ್ರಶಾಲೆಯಲ್ಲಿ ನಾಯಕ ನಾಯಿಕೆಯರು ದೂರದೂರ ನಿಂತಿರುವ ಗೀತದ ದೃಶ್ಯಕ್ಕೆ ಸೂರ್ಯರಶ್ಮಿಯಂತಹ ನೇರವಾದ ಬೆಳಕಿನ ಕಂಬವೊಂದು ಬೇಕಾಗಿದ್ದಿತು. ವಿದ್ಯುದ್ದೀಪದ ಕಿರಣಗಳು ಮುಂದುವರಿದಂತೆಲ್ಲ ಹರಡಿಕೊಳ್ಳುತ್ತವೆ. ಸೂರ್ಯನ ಕಿರಣಗಳಾದರೋ ಬಹುದೂರದಿಂದ ಬರುವುದರಿಂದ ಸಮಾನಾಂತರವಾಗಿಯೇ ಇರುತ್ತವೆ. ಆದುದರಿಂದ ಹೊರಗೊಂದು ದೊಡ್ಡ ಕನ್ನಡಿಯನ್ನಿರಿಸಿ ಬಿಸಿಲನ್ನು ಹಿಡಿದು, ಒಳಗೆ ಎತ್ತರದಲ್ಲಿರಿಸಿದ ಮತ್ತೊಂದು ಕನ್ನಡಿಯಿಂದ ಅದನ್ನು ಕೆಳಕ್ಕೆ ತಿರುಗಿಸಿದರು. ಎರಡು ಕನ್ನಡಿಗಳಿಂದ ಸೂರ್ಯನನ್ನೇ ಮನೆಯೊಳಕ್ಕೆ ಕರೆತಂದಂತಾಯಿತು.

ಇಷ್ಟಾದರೂ ಜನರು ಆ ಚಿತ್ರವನ್ನು ಒಪ್ಪಲಿಲ್ಲ. ಹಣವು ನಷ್ಟವಾಯಿತು, ಗುರುದತ್ತರು ದಿಗ್ದರ್ಶಕರೆಂದು ತಮ್ಮ ಹೆಸರನ್ನು ಮತ್ತೆ ಯಾವ ಚಿತ್ರಕ್ಕೂ ಹಾಕಿಕೊಳ್ಳಲಿಲ್ಲ. ಆ ಸೋತ ಚಿತ್ರವೇ ಮೂರ್ತಿಗಳಿಗೆ ಫಿಲ್ಮ್‌ಫೇರ್ ಪಾರಿತೋಷಕವನ್ನು ತಂದಿತು. ಒಡೆಯನಿಗೆ ಸೋಲು, ಸಂಗಡಿಗನಿಗೆ ಸನ್ಮಾನ. ಇದು ಸಂತೋಷಪಡಬಹುದಾದ ಗೆಲುವಲ್ಲ. 1962ರ 'ಸಾಹಿಬ್ ಬೀಬಿ ಔರ್ ಗುಲಾಮ್' ಚಿತ್ರಕ್ಕೂ ಅದೇ ಪಾರಿತೋಷಕವು ದೊರೆಯಿತು. 1964ರಲ್ಲಿ ಗುರುದತ್ತರು ಅಕಾಲ ಮರಣವನ್ನೈದಿದರು.

ತರುವಾಯ ಮೂರ್ತಿಗಳು ಪ್ರಮೋದ ಚಕ್ರವರ್ತಿಯವರ 'ನಯಾ ಜಮಾನಾ' (1971), 'ಜುಗ್ನು' (1973) ಮುಂತಾದ ವರ್ಣಚಿತ್ರಗಳನ್ನು ತೆಗೆದರು. ಅವರ ವಿದ್ಯೆಯು ಸಂತತಿಯನ್ನೂ ಪಡೆಯಿತು. ಬೆಂಗಳೂರಿನ ಅದೇ ಸಂಸ್ಥೆಯಲ್ಲಿ 1962ರಲ್ಲಿ ಉತ್ತೀರ್ಣರಾದ ಗೋವಿಂದ ನಿಹಲಾನಿಯವರು ಮೂರ್ತಿಗಳ ಸಹಾಯಕರಾಗಿ ದುಡಿದು, ಮುಂದೆ ಸ್ವತಃ ದಿಗ್ದರ್ಶಕರಾದರು. ದೇಶವಿಭಜನೆಯ ದುಃಖವನ್ನು ನಿರೂಪಿಸುವ 'ತಮಸ್' ಎಂಬ ದೂರದರ್ಶನದ ಕೃತಿಯನ್ನು 1988ರಲ್ಲಿ ನಿಹಲಾನಿಯವರು ರಚಿಸಿದಾಗ, ಅದರ ಛಾಯಾಗ್ರಹಣಕ್ಕೆ ಗುರುವೇ ಶಿಷ್ಯನ ಜೊತೆಗೆ ನಿಂತರು. ಅದೇ ವರುಷ ಆರಂಭವಾದ ಶ್ಯಾಮ ಬೆನೆಗಲರ 'ಭಾರತ್ ಏಕ್ ಖೋಜ್' ಎಂಬ 53 ಕಂತುಗಳ ಮಾಲಿಕೆಗೂ ಮೂರ್ತಿಗಳೇ ಛಾಯಾಗ್ರಾಹಕರು. ಅರುವತ್ತು ದಾಟಿದ ವಯಸ್ಸಿನಲ್ಲಿ, ಅಗಲವಾದ ಪರದೆಯನ್ನು ಗೆದ್ದವರು ಮನೆಯ ಕಿರಿಯ ಪೆಟ್ಟಿಗೆಯ ಅಳತೆಗೂ ಕೈಯನ್ನು ಒಗ್ಗಿಸಿಕೊಂಡರು.

ತಾಯ್ನುಡಿಗೆ ಅವರ ಸೇವೆಯು ದೊರೆತುದು ಬಹಳ ತಡವಾಗಿ, 1993ರ 'ಹೂವು ಹಣ್ಣು' ಚಿತ್ರದಲ್ಲಿ. ಮಾನ್ಯತೆಯೂ ತಡವಾಗಿಯೇ ಬಂದಿತು. 2008ನೆಯ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿಯನ್ನು 2010ರಲ್ಲಿ ಅವರು ಸ್ವೀಕರಿಸಿದರು. ಆ ಪ್ರಶಸ್ತಿಯನ್ನು ಪಡೆದ ಛಾಯಾಗ್ರಾಹಕರಲ್ಲಿ ಅವರೇ ಮೊದಲಿಗರು. ಆಗ ಅವರಿಗೆ 86 ವರುಷ. ನಟರಿಗೂ ದಿಗ್ದರ್ಶಕರಿಗೂ ಸಂದ ಗೌರವವು ಅವರನ್ನು ಕಾಣುವಂತೆ ಮಾಡಿದವರಿಗೆ ಸಲ್ಲಲು ನಾಲ್ಕು ದಶಕಗಳು ಬೇಕಾದುವು. 2014ನೆಯ ಏಪ್ರಿಲ 7ರಂದು ಬೆಂಗಳೂರಿನಲ್ಲಿ ಮೂರ್ತಿಗಳು ಕಾಲವಶರಾದರು.

ನಾಟಕಶಾಲೆಯಲ್ಲಿ ದೀಪ ಹಿಡಿದವನ ಮುಖವನ್ನು ಯಾರೂ ನೋಡುವುದಿಲ್ಲ. ನೋಡುವಂತಾದರೆ ಅವನು ದೀಪವನ್ನು ಸರಿಯಾಗಿ ಹಿಡಿದಿಲ್ಲವೆಂದೇ ಅರ್ಥ. ಅದು ಅವನ ಧರ್ಮ. ಆಟ ಮುಗಿದ ಬಳಿಕ ಅವನ ಹೆಸರನ್ನು ಕೇಳಿ ತಿಳಿಯುವುದು ನೋಟಕರ ಧರ್ಮ.