ಮಗುವಿನ ಬಳಿಗೆ ಹೋದವರು

ದತ್ತಕ ಎಂದೊಡನೆ ನಮ್ಮ ಚರಿತ್ರೆಯಲ್ಲಿ ನೆನಪಾಗುವುದು ಸಿಂಹಾಸನ. ಕಿತ್ತೂರಿನ ದತ್ತಕವನ್ನು ಕಂಪನಿ ಸರ್ಕಾರ ಒಪ್ಪದೆ 1824ರಲ್ಲಿ ಯುದ್ಧವಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಮಾಡಿಕೊಂಡ ದತ್ತಕವನ್ನು ಬ್ರಿಟಿಷರು ಕೊನೆಗೂ ಒಪ್ಪಿದ್ದರಿಂದ ಮೈಸೂರು ಉಳಿಯಿತು. ಅಲ್ಲೆಲ್ಲ ಮನೆತನಕ್ಕೆ ಮಗು ಬೇಕಿತ್ತು. ಮಗುವಿಗೂ ಮನೆ ಬೇಕು ಎಂಬ ಮಾತಿನಿಂದ ಹೊರಟು ದೇಶದ ಗಡಿ ದಾಟಿದ ದತ್ತಕದ ಕಥೆಗೆ ಇನ್ನೂ ನೂರು ವರ್ಷ ತುಂಬಿಲ್ಲ. ಆ ಕಥೆಯನ್ನು ಓದುವಾಗ ನಾನು ಒಂದೇ ಪ್ರಶ್ನೆ ಹಿಡಿದು ಹೋಗುತ್ತೇನೆ: ಪ್ರಯಾಣ ಮಾಡಿದ್ದು ಯಾರು?

ಕೊರಿಯಾ ಯುದ್ಧ ನಿಂತದ್ದು 1953ರಲ್ಲಿ. ಎರಡು ವರ್ಷದ ನಂತರ ಅಮೆರಿಕದ ಆರೆಗನ್ ರಾಜ್ಯದ ಹ್ಯಾರಿ ಹೋಲ್ಟ್ ಅಲ್ಲಿಗೆ ಹೋಗಿ ಎಂಟು ಮಕ್ಕಳನ್ನು ತನ್ನ ಮನೆಗೆ ಕರೆತಂದ. ಅವನಿಗೂ ಹೆಂಡತಿ ಬರ್ಥಾಗೂ ಆಗಲೇ ಆರು ಮಕ್ಕಳಿದ್ದರು. ಅಷ್ಟು ಮಕ್ಕಳನ್ನು ತರಲು ಕಾನೂನಿನಲ್ಲಿ ಜಾಗವಿರಲಿಲ್ಲ; ಅಮೆರಿಕದ ಸಂಸತ್ತು ಅವರಿಗಾಗಿ ಪ್ರತ್ಯೇಕ ಕಾಯ್ದೆ ಮಾಡಿತು. ಆದರೆ ಹೋಲ್ಟ್ ಹೋದಂತೆ ಮಿಕ್ಕವರು ಹೋಗಲಿಲ್ಲ. ಪರವಾಗಿ ಸಹಿ ಹಾಕಲು ಒಬ್ಬರನ್ನು ನೇಮಿಸಿದರೆ ಸಾಕಿತ್ತು. ಮಕ್ಕಳು ವಿಮಾನದಲ್ಲಿ ಬಂದಿಳಿದರು, ಅಪ್ಪ ಅಮ್ಮ ಏರ್‌ಪೋರ್ಟಿನಲ್ಲಿ ಕಾದು ನಿಂತರು. ಮಗು ಮಲಗಿದ್ದ ಕೋಣೆ, ಉಂಡ ಅನ್ನ, ಎತ್ತಿ ಆಡಿಸಿದ ಆಯಾ ಯಾವುದನ್ನೂ ಅವರು ಕಂಡಿರಲಿಲ್ಲ. ಹೀಗೆ ಕೊರಿಯಾದಿಂದ ಹೊರಹೋದವರು ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು.

ಚೀನಾದ ನಿಯಮ ಬೇರೆ. ಅಲ್ಲಿ ದತ್ತಕ ಕಾಯ್ದೆ ಜಾರಿಗೆ ಬಂದದ್ದು 1992ರಲ್ಲಿ. ಒಂದೇ ಮಗುವಿನ ನೀತಿಯ ಆ ಕಾಲದಲ್ಲಿ ಅನಾಥಾಲಯ ಸೇರುತ್ತಿದ್ದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ವಿದೇಶಿ ಪೋಷಕರು ಖುದ್ದಾಗಿ ಚೀನಾಕ್ಕೆ ಹೋಗಲೇಬೇಕಿತ್ತು. ಮಗುವನ್ನು ಕೈಗೆ ಕೊಟ್ಟ ನಂತರ ಆಯಾ ಪ್ರಾಂತ್ಯದಲ್ಲಿ ಕಾಗದಪತ್ರ. ಅಮೆರಿಕದವರು ವೀಸಾಕ್ಕೆ ಗ್ವಾಂಗ್‌ಝೌ ನಗರಕ್ಕೆ ಹೋಗಬೇಕಿತ್ತು. ಅಲ್ಲಿನ ಶಾಮಿಯಾನ್ ದ್ವೀಪದಲ್ಲಿ ಅಮೆರಿಕದ ಕಾನ್ಸುಲೇಟಿನ ಪಕ್ಕವೇ ಇದ್ದ ವೈಟ್ ಸ್ವಾನ್ ಹೋಟೆಲ್ ಹೊಸ ಅಪ್ಪ ಅಮ್ಮಂದಿರಿಂದ ತುಂಬಿರುತ್ತಿತ್ತು. ಅಲ್ಲಿನ ಕೆಂಪು ಸೋಫಾದ ಮೇಲೆ ಕೂಸುಗಳನ್ನು ಸಾಲಾಗಿ ಕೂರಿಸಿ ಫೋಟೋ ತೆಗೆಯುವುದು ಸಂಪ್ರದಾಯವೇ ಆಗಿತ್ತು. ಚೀನೀ ಮಗುವನ್ನು ಎತ್ತಿಕೊಂಡ ಬಾರ್ಬಿ ಗೊಂಬೆಯನ್ನು ಮ್ಯಾಟೆಲ್ ಕಂಪನಿ ಅಲ್ಲಿ ಉಡುಗೊರೆಯಾಗಿ ಕೊಡುತ್ತಿತ್ತು. ಮಕ್ಕಳು ಫೋಟೋದಲ್ಲಿ ಅಳುತ್ತಿದ್ದುದು ಸಹಜ. ದೊಡ್ಡವರಿಗೆ ಅದು ಮಗು ಸಿಕ್ಕ ವಾರ. ಮಗುವಿಗೆ ಗೊತ್ತಿದ್ದ ಮುಖ, ವಾಸನೆ, ಮಾತು ಎಲ್ಲವೂ ಒಟ್ಟಿಗೆ ಹೋದ ವಾರ.

ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ಹೈದರಾಬಾದಿನಲ್ಲಿರುವ ನಾವಿಬ್ಬರು ಮಗಳನ್ನು ತಂದದ್ದು ಒಡಿಶಾದಿಂದ. ಗಡಿ ದಾಟಲಿಲ್ಲ, ಆದರೆ ಭಾಷೆ ದಾಟಿತು. ಎರಡು ವರ್ಷದ ಅವಳು ರಾತ್ರಿ ಎದ್ದು 'ಪಾಣಿ' ಎನ್ನುತ್ತಿದ್ದಳು. ನಾವೂ ಎಷ್ಟೋ ದಿನ ಪಾಣಿ ಎಂದೇ ಲೋಟ ಕೊಟ್ಟೆವು. ಅಲ್ಲಿನ ಆಯಾ ಕಲಿಸಿಕೊಟ್ಟಿದ್ದಂತೆ ಅನ್ನವನ್ನು ಗಂಜಿಯ ಹಾಗೆ ಕಲಸಿ ತಿನ್ನಿಸಿದೆವು. ಮೊದಲ ವಾರ ನನ್ನ ಹೆಂಡತಿಯನ್ನು ಬಿಟ್ಟು ಯಾರು ಕರೆದರೂ ಹೋಗುತ್ತಿದ್ದಳು. ಒಂದು ಸಂಜೆ ಲಿಫ್ಟಿನಲ್ಲಿ ಯಾರೋ ಕೈಚಾಚಿದಾಗ ಹಿಂದೆ ಸರಿದು ನನ್ನ ಪ್ಯಾಂಟು ಹಿಡಿದುಕೊಂಡಳು. ನೀರು ಎಂಬ ಮಾತು ಅದಾದ ಮೇಲೆ ಬಂತು.

ಪ್ರಯಾಣವೊಂದರಿಂದಲೇ ಎಲ್ಲವೂ ಸರಿಯಾಗುವುದಿಲ್ಲ. ಮಗುವಿನ ಜೊತೆ ಬರುವ ಕಾಗದ ನಿಜವಿರಬೇಕು. ನಮ್ಮ ದೇಶದಿಂದ ಮಕ್ಕಳನ್ನು ಹೊರಗೆ ಕಳಿಸುವುದರಲ್ಲಿನ ಅಕ್ರಮಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆ ಸುಪ್ರೀಂ ಕೋರ್ಟಿಗೆ ಬರೆದ ಪತ್ರವೇ ಮೊಕದ್ದಮೆಯಾಯಿತು. 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಕೊಟ್ಟ ತೀರ್ಪು ನಿಯಮಗಳನ್ನು ಹಾಕಿತು. ಮೊದಲು ದೇಶದೊಳಗೇ ಮನೆ ಹುಡುಕಿ, ಆಮೇಲೆ ಹೊರಗೆ ಎಂದಿತು. 1993ರ ಹೇಗ್ ಒಪ್ಪಂದದ ದಾರಿಯೂ ಅದೇ. ಭಾರತ ಅದನ್ನು 2003ರಲ್ಲಿ ಅಂಗೀಕರಿಸಿತು.

ಕೊರಿಯಾದ ಸತ್ಯಶೋಧನಾ ಆಯೋಗ 2025ರ ಮಾರ್ಚ್‌ನಲ್ಲಿ ಹೇಳಿದ್ದು ಕಠೋರವಾಗಿತ್ತು: ತಂದೆ ತಾಯಿ ಇದ್ದ ಮಕ್ಕಳನ್ನೂ ಅನಾಥರೆಂದು ಬರೆದು ಕಳಿಸಲಾಗಿತ್ತು, ಸರ್ಕಾರ ಅದಕ್ಕೆ ಹೊಣೆ. ಚೀನಾ 2024ರ ಸೆಪ್ಟೆಂಬರ್‌ನಲ್ಲಿ, ಬಂಧುಗಳು ದತ್ತು ಪಡೆಯುವುದನ್ನು ಬಿಟ್ಟು, ವಿದೇಶಿ ದತ್ತಕವನ್ನೇ ನಿಲ್ಲಿಸಿತು. ಈಗ ಪ್ರಯಾಣ ಮಾಡುತ್ತಿರುವವರು ಅಂದಿನ ಮಕ್ಕಳೇ. ಬೆಳೆದು ದೊಡ್ಡವರಾಗಿ ಸೋಲ್‌ಗೆ, ಗ್ವಾಂಗ್‌ಝೌಗೆ, ನಮ್ಮ ಪುಣೆ ಮುಂಬೈಗಳಿಗೂ ಬಂದು ಹಳೆಯ ಫೈಲು ಕೇಳುತ್ತಾರೆ. ಅವರನ್ನು ಸಾಕಿದವರ ಪ್ರೀತಿ ಸುಳ್ಳಲ್ಲ. ಆದರೆ ಆ ಪ್ರೀತಿ ಫೈಲಿನಲ್ಲಿರಬೇಕಾದ ಹೆಸರಿಗೆ ಬದಲಿಯೂ ಅಲ್ಲ. ನನ್ನ ಮಗಳ ಫೈಲು ನಮ್ಮ ಬೀರುವಿನಲ್ಲಿದೆ, ಅವಳ ಕೈಗೆಟುಕುವ ಅರೆಯಲ್ಲೇ.