ನಂಜು ಅಂದರೆ ವಿಷವೇ?

ಕಾಲಿಗೆ ಮುಳ್ಳು ಚುಚ್ಚಿ ಬಾತುಕೊಂಡರೆ ನಮ್ಮಜ್ಜಿ "ನಂಜಾಗಿದೆ" ಅನ್ನುತ್ತಿದ್ದಳು. ಗಾಯ ಮಾಯುವವರೆಗೆ ಬದನೆಕಾಯಿ ಕೊಡುತ್ತಿರಲಿಲ್ಲ, ಅದೂ ನಂಜು! ನಿಘಂಟು ತೆಗೆದರೆ ನಂಜು ಅಂದರೆ ವಿಷ. ವಿಷ ಉಂಡವನೇ ನಂಜುಂಡ. ಕನ್ನಡ ಬಾರದ ಡಾಕ್ಟರ ಮುಂದೆ ಯಾರೋ ಒಬ್ಬರು ಅರೆಬರೆ ಇಂಗ್ಲಿಷಿನಲ್ಲಿ "ಪಾಯ್ಸನ್ ಆಗಿದೆ" ಅಂದುಬಿಟ್ಟರೆ ಏನು ಗತಿ?

ತಮಾಷೆ ಮಾಡುತ್ತಿಲ್ಲ. 1980ರ ಜನವರಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹೆಚ್ಚುಕಡಿಮೆ ಹೀಗೇ ಆಯಿತು.

ಕ್ಯೂಬಾ ಮೂಲದ ಕುಟುಂಬ. 18 ವರ್ಷದ ಹುಡುಗ, ಬೇಸ್‌ಬಾಲ್ ಆಟಗಾರ. ಇದ್ದಕ್ಕಿದ್ದಂತೆ ವಿಪರೀತ ತಲೆನೋವು ಬಂದು ಪ್ರಜ್ಞೆ ತಪ್ಪಿತು. ತಿಂದ ಹ್ಯಾಂಬರ್ಗರ್ ಕೆಟ್ಟಿತ್ತೇನೋ ಅಂತ ಮನೆಯವರ ಗುಮಾನಿ. ಆಸ್ಪತ್ರೆಯಲ್ಲಿ ಅವರ ಕಡೆಯಿಂದ ಬಂದ ಮಾತು "ಇಂತೊಕ್ಸಿಕಾದೋ". ಕ್ಯೂಬಾದವರ ಸ್ಪ್ಯಾನಿಷಿನಲ್ಲಿ ಅದಕ್ಕೆ ತಿಂದದ್ದೋ ಕುಡಿದದ್ದೋ ಮೈಗೆ ಆಗಿಬಂದಿಲ್ಲ ಅಂತ ಅರ್ಥ. ಡಾಕ್ಟರ ಕಿವಿಗೆ ಬಿದ್ದದ್ದು ಇಂಗ್ಲಿಷಿನ "ಇಂಟಾಕ್ಸಿಕೇಟೆಡ್". ಮಾದಕ ವಸ್ತು ಅತಿಯಾಗಿ ತೆಗೆದುಕೊಂಡಿದ್ದಾನೆ ಎಂದುಕೊಂಡು ಅದಕ್ಕೇ ಚಿಕಿತ್ಸೆ ಶುರುಮಾಡಿದರು. ನಿಜಕ್ಕೂ ಆಗಿದ್ದದ್ದು ಮಿದುಳಿನ ರಕ್ತಸ್ರಾವ. ಅದು ಗೊತ್ತಾಗುವಷ್ಟರಲ್ಲಿ ಎರಡು ದಿನ ಕಳೆದುಹೋಗಿತ್ತು. ಹುಡುಗ ಬದುಕಿದ, ಆದರೆ ಕೈಕಾಲು ನಾಲ್ಕೂ ಸ್ವಾಧೀನ ಕಳೆದುಕೊಂಡವು. ಮುಂದೆ ನಡೆದ ಮೊಕದ್ದಮೆಯಲ್ಲಿ ಸುಮಾರು 7.1 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು.

ಒಂದು ವಿಷಯ ಗಮನಿಸಿ. ಮನೆಯವರ ಊಹೆಯೂ ತಪ್ಪೇ ಆಗಿತ್ತು, ಹ್ಯಾಂಬರ್ಗರಿನದೇನೂ ದೋಷವಿರಲಿಲ್ಲ. ಅನುವಾದ ಸರಿಯಾಗಿದ್ದಮಾತ್ರಕ್ಕೆ ರೋಗ ಸಿಕ್ಕಿಬಿಡುತ್ತಿರಲಿಲ್ಲ. ಆದರೆ "ಇವನು ಡ್ರಗ್ಸ್ ತೆಗೆದುಕೊಳ್ಳುತ್ತಾನಾ?" ಅಂತ ಅವರ ಭಾಷೆಯಲ್ಲಿ ಒಂದು ಸಲ ಕೇಳಿದ್ದರೂ "ಸಾಧ್ಯವೇ ಇಲ್ಲ" ಅನ್ನುತ್ತಿದ್ದರು, ಡಾಕ್ಟರು ಬೇರೆ ಕಾರಣ ಹುಡುಕುತ್ತಿದ್ದರು. ದುಭಾಷಿಯನ್ನು ಯಾರೂ ಕರೆಸಲೇ ಇಲ್ಲ. ಯಾಕೆಂದರೆ ಮಾತು ಅರ್ಥವಾಗಿದೆ ಅಂತಲೇ ಎರಡೂ ಕಡೆಯವರು ನಂಬಿದ್ದರು! ಒಂದಕ್ಷರವೂ ತಿಳಿಯದ ಭಾಷೆಯಾಗಿದ್ದರೆ ಯಾರನ್ನಾದರೂ ಹುಡುಕುತ್ತಿದ್ದರೋ ಏನೋ.

ಉಪಾಯ ಆಗಲೇ ಇತ್ತು ಅನ್ನುವುದು ಇನ್ನೂ ಬೇಸರದ ಸಂಗತಿ. 1973ರಲ್ಲೇ ಆಸ್ಟ್ರೇಲಿಯಾ ಸರ್ಕಾರ ವಲಸಿಗರಿಗಾಗಿ ತುರ್ತು ದೂರವಾಣಿ ದುಭಾಷಿ ಸೇವೆ ಆರಂಭಿಸಿತ್ತು. ಫೋನು ಮಾಡಿದರೆ ಭಾಷೆ ಬಲ್ಲವರು ಸಿಗುತ್ತಿದ್ದರು. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕು ಕಾಯ್ದೆಯೇನೋ ಇತ್ತು. ಆದರೆ ಇಂಗ್ಲಿಷ್ ಬಾರದವರಿಗೂ ಸೇವೆ ಸಿಗಬೇಕು ಎಂದು ಅಧ್ಯಕ್ಷ ಕ್ಲಿಂಟನ್ ಆದೇಶ ಹೊರಡಿಸಿದ್ದು 2000ದಲ್ಲಿ. ಪ್ರಾಣಾಪಾಯದ ಹೊತ್ತಿನಲ್ಲಿ ಬೇರಾರೂ ಸಿಗದಿದ್ದರೆ ಮಾತ್ರ ರೋಗಿಯ ಜೊತೆ ಬಂದ ಮಕ್ಕಳನ್ನು ದುಭಾಷಿ ಮಾಡಿಕೊಳ್ಳಬಹುದು ಎಂಬ ನಿಯಮ 2016ರದು. (ಅಮ್ಮನಿಗೆ ಗಂಡಾಂತರ ಅಂತ ಹತ್ತು ವರ್ಷದ ಮಗುವಿನ ಬಾಯಲ್ಲಿ ಹೇಳಿಸುವುದನ್ನು ಯೋಚಿಸಿ ನೋಡಿ.) ಕ್ಲಿಂಟನ್ ಆದೇಶವನ್ನು 2025ರ ಮಾರ್ಚಿನಲ್ಲಿ ಟ್ರಂಪ್ ರದ್ದುಮಾಡಿದರು.

ಇಷ್ಟೆಲ್ಲ ಓದಿದ ಮೇಲೆ ನಮ್ಮ "ಹುಷಾರಿಲ್ಲ" ನೆನಪಾಯಿತು. ಹಿಂದಿಯವರ ಕಿವಿಗೆ ಅದು ಜಾಣನಲ್ಲ ಅಂತ ಕೇಳಿಸುತ್ತದೆ. ಇನ್ನು "ಉಷ್ಣ ಆಗಿದೆ", "ವಾಯು ಹಿಡಿದಿದೆ" ಅನ್ನುವುದನ್ನು ಬೇರೆ ಭಾಷೆಯ ಡಾಕ್ಟರಿಗೆ ಹೇಗೆ ಹೇಳುವುದು? ನಿಮ್ಮೂರ ಕಡೆ ಇಂಥ ಪದಗಳಿದ್ದರೆ ತಿಳಿಸಿ. ನಂಜಿಗೆ ನಿಮ್ಮಲ್ಲಿ ಏನರ್ಥ ಅನ್ನುವುದನ್ನೂ.