ತೊಟ್ಟಿಗಳಲ್ಲಿ ತರಕಾರಿ ಬೇಸಾಯ

ತೊಟ್ಟಿಗಳಲ್ಲಿ ತರಕಾರಿ ಬೇಸಾಯವು ಉದ್ದವಾದ, ಅಗಲ ಕಡಿಮೆಯಿರುವ ತೊಟ್ಟಿಗಳಲ್ಲಿ ಮಣ್ಣಿನ ಮಿಶ್ರಣವನ್ನು ತುಂಬಿ ಸೊಪ್ಪು, ತರಕಾರಿ ಹಾಗೂ ಹಸಿಯಾಗಿ ತಿನ್ನುವ ಎಲೆಬೆಳೆಗಳನ್ನು ಬೆಳೆಯುವ ಪದ್ಧತಿ. ಹಿತ್ತಿಲಿಲ್ಲದ ನಗರದ ಮನೆಗಳ ತಾರಸಿ, ಬಾಲ್ಕನಿ ಮತ್ತು ಕಾಂಪೌಂಡಿನ ಅಂಚುಗಳಲ್ಲಿ ಇದು ರೂಢಿಯಲ್ಲಿದೆ. ನೆಲದಲ್ಲಿರುವ ಗಿಡದ ಬೇರು ನೀರನ್ನರಸಿ ಆಳಕ್ಕೆ ಇಳಿಯಬಲ್ಲದು; ತೊಟ್ಟಿಯ ಗಿಡಕ್ಕೆ ಆ ಅವಕಾಶವಿಲ್ಲ. ಆದ್ದರಿಂದ ಮಣ್ಣಿನ ಪ್ರಮಾಣ, ಅದರ ಭಾರ ಮತ್ತು ನೀರು ಈ ಮೂರರ ಲೆಕ್ಕಾಚಾರವೇ ಈ ಬೇಸಾಯದ ತಿರುಳು.

ಹಿನ್ನೆಲೆ

ಬಚ್ಚಲ ನೀರು ಹರಿಯುವಲ್ಲಿ ಬಸಳೆ, ಕೆಸುವು, ಬಾಳೆ ಬೆಳೆಯುವುದು ಕರ್ನಾಟಕದ ಹಳ್ಳಿಮನೆಗಳ ಹಳೆಯ ಕ್ರಮ. ನಗರಗಳಲ್ಲಿ ನಿವೇಶನಗಳು ಕಿರಿದಾದಂತೆ ಈ ಹಿತ್ತಿಲು ತಾರಸಿಗೇರಿತು. ಬೆಂಗಳೂರಿನಲ್ಲಿ ಸಾವಯವ ತಾರಸಿ ತೋಟವನ್ನು ಜನಪ್ರಿಯಗೊಳಿಸಿದವರಲ್ಲಿ ಡಾ. ಬಿ. ಎನ್. ವಿಶ್ವನಾಥ್ ಪ್ರಮುಖರು. 2011ರಲ್ಲಿ ಆರಂಭವಾದ 'ಊಟ ಫ್ರಮ್ ಯುವರ್ ತೋಟ' ಎಂಬ ಮೇಳವು ಇಂತಹ ಬೆಳೆಗಾರರನ್ನು ಒಂದೆಡೆ ಸೇರಿಸಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಮನೆತೋಟಗಳಿಗೆಂದು ಲಂಬ ತೋಟದ ಚೌಕಟ್ಟು ಮತ್ತು ಹುದುಗಿಸಿದ ಕೋಕೋಪೀಟ್ ತಯಾರಿಕೆಯ ವಿಧಾನವನ್ನು ರೂಪಿಸಿದೆ.

ತೊಟ್ಟಿ ಮತ್ತು ಅದರ ಭಾರ

ಸಿಮೆಂಟ್ ತೊಟ್ಟಿ, ಉದ್ದಕ್ಕೆ ಸೀಳಿದ ಪ್ಲಾಸ್ಟಿಕ್ ಡ್ರಮ್, ಮರದ ಪೆಟ್ಟಿಗೆ, ದಪ್ಪ ಪ್ಲಾಸ್ಟಿಕ್ಕಿನ ಗಿಡದ ಚೀಲ ಇವೆಲ್ಲ ಬಳಕೆಯಲ್ಲಿವೆ. ರಾಸಾಯನಿಕ ತುಂಬಿದ್ದ ಡ್ರಮ್ಮುಗಳು ಆಹಾರ ಬೆಳೆಗೆ ತಕ್ಕವಲ್ಲ. ದುಂಡು ಕುಂಡಕ್ಕಿಂತ ಉದ್ದ ತೊಟ್ಟಿ ಸೊಪ್ಪಿಗೆ ಹೆಚ್ಚು ಅನುಕೂಲ. ಸಾಲಾಗಿ ಬಿತ್ತಬಹುದು, ಹಲವು ಗಿಡಗಳು ಒಂದೇ ಮಣ್ಣನ್ನು ಹಂಚಿಕೊಳ್ಳುವುದರಿಂದ ತೇವವೂ ಬೇಗ ಆರದು.

ಹೊಸಬರು ಸಾಮಾನ್ಯವಾಗಿ ಕಡೆಗಣಿಸುವ ಸಂಗತಿಯೆಂದರೆ ಭಾರ. 90 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 25 ಸೆಂ.ಮೀ. ಆಳದ ತೊಟ್ಟಿಯೊಂದು ಸುಮಾರು 67 ಲೀಟರ್ ಮಣ್ಣು ಹಿಡಿಯುತ್ತದೆ. ನೀರುಂಡ ತೋಟದ ಮಣ್ಣು ಘನ ಮೀಟರಿಗೆ 1800 ಕಿ.ಗ್ರಾಂ. ತೂಗುತ್ತದೆಂದು ಹಿಡಿದರೆ ಈ ಒಂದು ತೊಟ್ಟಿಯ ಮಣ್ಣೇ 120 ಕಿ.ಗ್ರಾಂ. ಆಗುತ್ತದೆ, ಅಂದರೆ ಅದು ನಿಂತ ಜಾಗದ ಮೇಲೆ ಚದರ ಮೀಟರಿಗೆ 450 ಕಿ.ಗ್ರಾಂ. ಹೊರೆ. ಭಾರತೀಯ ಮಾನಕ ಐಎಸ್ 875ರ 2ನೆಯ ಭಾಗವು ಜನರು ಓಡಾಡುವ ಸಮತಟ್ಟು ತಾರಸಿಗೆ ಸೂಚಿಸುವ ಚರಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸರಿಸುಮಾರು 150 ಕಿ.ಗ್ರಾಂ. ಮಾತ್ರ. ಒಂದೆರಡು ತೊಟ್ಟಿಗಳ ಹೊರೆ ಸುತ್ತಲಿನ ಖಾಲಿ ಜಾಗಕ್ಕೂ ಹಂಚಿಹೋಗುತ್ತದೆ, ಆದರೆ ತಾರಸಿಯ ನಡುಭಾಗವನ್ನು ಒತ್ತೊತ್ತಾಗಿ ತುಂಬುವುದು ಅಪಾಯಕರ. ಭಾರದ ತೊಟ್ಟಿಗಳನ್ನು ಗೋಡೆ ಮತ್ತು ತೊಲೆಗಳು ಹಾದುಹೋಗುವ ಗೆರೆಯ ಮೇಲೆ ಇಡಬೇಕು. ಮುಂಚಾಚಿದ ಬಾಲ್ಕನಿಯಲ್ಲೂ ಹಳೆಯ ಕಟ್ಟಡದಲ್ಲೂ ಮೊದಲು ಕಟ್ಟಡ ಎಂಜಿನಿಯರರ ಅಭಿಪ್ರಾಯ ಪಡೆಯುವುದು ಒಳಿತು. ತೊಟ್ಟಿಯನ್ನು ಇಟ್ಟಿಗೆಗಳ ಮೇಲೆ ಎತ್ತರಿಸಿಟ್ಟರೆ ತಳದಲ್ಲಿ ಗಾಳಿಯಾಡಿ ತಾರಸಿಯ ನೀರುನಿರೋಧಕ ಪದರ ಉಳಿಯುತ್ತದೆ.

ಮಣ್ಣಿನ ಮಿಶ್ರಣ

ಬರಿಯ ಕೆಂಪು ಮಣ್ಣು ತೊಟ್ಟಿಯಲ್ಲಿ ಬೇಗ ಗಟ್ಟಿಯಾಗುತ್ತದೆ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ಕೋಕೋಪೀಟ್ ಎಂದು ಪರಿಚಿತವಾದ ತೆಂಗಿನ ನಾರಿನ ಪುಡಿ, ಈ ಮೂರನ್ನು ಸಮಪಾಲಿನಲ್ಲಿ ಬೆರೆಸುವುದು ಸಾಮಾನ್ಯ ಕ್ರಮ. ನಾರಿನ ಪುಡಿಯ ಪಾಲು ಹೆಚ್ಚಿದಷ್ಟೂ ಭಾರ ಇಳಿಯುತ್ತದೆ; ಆದರೆ ಅದರಲ್ಲಿ ಪೋಷಕಾಂಶ ಅತ್ಯಲ್ಪವಾದ್ದರಿಂದ ಗೊಬ್ಬರವನ್ನು ಪದೇ ಪದೇ ಕೊಡಬೇಕಾಗುತ್ತದೆ. ನಾರಿನಲ್ಲಿ ಲವಣಾಂಶ ಉಳಿದಿರುವ ಸಂಭವವಿರುವುದರಿಂದ ಬಳಸುವ ಮೊದಲು ಎರಡು ಮೂರು ಬಾರಿ ನೀರಿನಲ್ಲಿ ನೆನೆಸಿ ಹಿಂಡಬೇಕು.

ತಳದಲ್ಲಿ ಜಲ್ಲಿ ಹಾಸಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ನುಣುಪಾದ ಮಣ್ಣು ತನ್ನ ಸೂಕ್ಷ್ಮ ರಂಧ್ರಗಳಲ್ಲಿ ನೀರನ್ನು ಹಿಡಿದಿಡುತ್ತದೆ. ಕೆಳಗಿನ ದಪ್ಪ ಜಲ್ಲಿಗೆ ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹೀಗಾಗಿ ತಳದಲ್ಲಿರಬೇಕಿದ್ದ ಜೌಗು ಪದರ ಜಲ್ಲಿಯ ಮೇಲಕ್ಕೆ, ಬೇರಿನ ಇನ್ನಷ್ಟು ಹತ್ತಿರಕ್ಕೆ ಏರುತ್ತದೆ. ಸಾಕಷ್ಟು ರಂಧ್ರಗಳನ್ನು ಕೊರೆದು, ಮಣ್ಣು ಸೋರದಂತೆ ಬಲೆಯ ತುಂಡು ಹಾಸಿದರೆ ಸಾಕು.

ನೀರು

ಬಿರುಬೇಸಿಗೆಯಲ್ಲಿ ಮೇಲೆ ಹೇಳಿದ ಅಳತೆಯ ತೊಟ್ಟಿಗೆ ದಿನಕ್ಕೆ ಸುಮಾರು 1.5 ಲೀಟರ್ ನೀರು ಬೇಕಾಗಬಹುದು. ಮಾರ್ಚ್ 2024ರ ನೀರಿನ ಕೊರತೆಯ ಕಾಲದಲ್ಲಿ ಬೆಂಗಳೂರು ಜಲಮಂಡಳಿಯು ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5000 ರೂಪಾಯಿ ದಂಡ ಘೋಷಿಸಿತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ತೊಟ್ಟಿಗಳಿಗೆ ಯೋಗ್ಯ. ಮಾರ್ಜಕ ಬೆರೆತ ನೀರಿನ ಸೋಡಿಯಂ ಮಣ್ಣನ್ನು ಕೆಡಿಸುತ್ತದೆ, ಹಸಿಯಾಗಿ ತಿನ್ನುವ ಸೊಪ್ಪಿಗಂತೂ ಅದು ಸಲ್ಲದು. ಒಣಗಿದ ಎಲೆಯ ಹೊದಿಕೆ ತೇವವನ್ನು ಕಾಯುತ್ತದೆ. ತೊಟ್ಟಿಯಡಿಯ ತಟ್ಟೆಗಳಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ನೆಲೆಯಾಗಬಲ್ಲದು. ವಾರಕ್ಕೊಮ್ಮೆಯಾದರೂ ಚೆಲ್ಲಿ ಉಜ್ಜಬೇಕು.

ಬೆಳೆಗಳು

ಮೆಂತ್ಯ, ಕೊತ್ತಂಬರಿ, ಹರಿವೆ, ಪಾಲಕ್‌ಗಳಿಗೆ 15 ಸೆಂ.ಮೀ. ಆಳ ಸಾಕು. ಮೂಲಂಗಿಗೆ 20ರಿಂದ 30 ಸೆಂ.ಮೀ., ಬದನೆ ಮತ್ತು ಟೊಮೆಟೊಗಳಿಗೆ ಇನ್ನೂ ಹೆಚ್ಚು ಬೇಕು. ಮೆಂತ್ಯ 20ರಿಂದ 30 ದಿನಗಳಲ್ಲಿ ಕಟಾವಿಗೆ ಬರುವುದರಿಂದ ಕಲಿಯುವವರಿಗೆ ಅದೇ ಮೊದಲ ಬೆಳೆಯಾಗುವುದು ಸೂಕ್ತ. ಕೊತ್ತಂಬರಿ ಕಾಳನ್ನು ಮೆಲ್ಲಗೆ ಉಜ್ಜಿ ಎರಡು ಹೋಳಾಗಿಸಿ, ರಾತ್ರಿ ನೆನೆಸಿ ಬಿತ್ತಿದರೆ ಮೊಳಕೆ ಸಮನಾಗಿ ಬರುತ್ತದೆ. ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಒಂದೊಂದು ತೊಟ್ಟಿಯನ್ನು ಬಿತ್ತಿದರೆ ಸೊಪ್ಪು ಒಮ್ಮೆಲೇ ಮುಗಿಯದು.

ಲೆಟಿಸ್ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಅದನ್ನು ಆಳದಲ್ಲಿ ಹೂಳಬಾರದು. ಮಣ್ಣಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೊಳಕೆ ಕುಂಠಿತವಾಗುತ್ತದೆ, ಬೆಳೆದ ಗಿಡವೂ ಬೇಗ ತೆನೆಯೊಡೆದು ಕಹಿಯಾಗುತ್ತದೆ. ಬೆಂಗಳೂರು, ಮೈಸೂರು ಭಾಗದ ಚಳಿಗಾಲ ಅದಕ್ಕೆ ಹೊಂದುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಅದನ್ನು ಬೆಳೆಯಹೊರಡುವುದು ವ್ಯರ್ಥ. ಅಂತಹ ಕಡೆ ಬಿಸಿಲು ತಾಳುವ ಬಸಳೆ, ಹರಿವೆಗಳೇ ಮೇಲು. ಕೋಸಂಬರಿಗೆ ಬೇಕಾದ ಸೌತೆಯನ್ನು ತೊಟ್ಟಿಯಿಂದ ಚಪ್ಪರಕ್ಕೆ ಹಬ್ಬಿಸಬಹುದು. ಅರೆನೆರಳಿನ ಬಾಲ್ಕನಿಗಳಲ್ಲಿ ತಂಬುಳಿಗೆ ಒದಗುವ ಒಂದೆಲಗ ಸೊಗಸಾಗಿ ಹರಡುತ್ತದೆ. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ಮಳೆಗಾಲದ ತೊಟ್ಟಿಗೆ ಪಾರದರ್ಶಕ ಹೊದಿಕೆ ಇಲ್ಲದಿದ್ದರೆ ಸಸಿಗಳು ಕೊಳೆಯುತ್ತವೆ.

ತೊಂದರೆಗಳು

ತೊಟ್ಟಿಯ ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಕುಸಿಯುವುದು ರೋಗಾಣುವಿನಿಂದಲ್ಲ. ನೀರು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆಯಾದಾಗ ಕ್ಯಾಲ್ಸಿಯಂ ಕಾಯಿಗೆ ತಲುಪದೆ ಹೀಗಾಗುತ್ತದೆ. ಔಷಧ ಸಿಂಪಡಣೆಗಿಂತ ನೀರಿನ ಕ್ರಮವನ್ನು ಸರಿಪಡಿಸುವುದೇ ಪರಿಹಾರ. ಹೇನು, ಬಿಳಿನೊಣ ಮತ್ತು ಹಿಟ್ಟುತಿಗಣೆಗಳಿಗೆ ಲೀಟರಿಗೆ 3ರಿಂದ 5 ಮಿ.ಲೀ. ಬೇವಿನ ಎಣ್ಣೆಯನ್ನು ತುಸು ಸೋಪಿನ ನೀರಿನೊಡನೆ ಕಲಕಿ ಸಂಜೆ ಸಿಂಪಡಿಸುತ್ತಾರೆ. ಪಾರಿವಾಳ, ಇಲಿ ಮತ್ತು ಕೋತಿಗಳ ಕಾಟಕ್ಕೆ ಬಲೆಯ ಹೊರತು ಬೇರೆ ಉಪಾಯಗಳು ಹೆಚ್ಚು ದಿನ ಫಲಿಸುವುದಿಲ್ಲ. ಒಂದೇ ತೊಟ್ಟಿಯಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿಗಳನ್ನು ಒಂದರ ನಂತರ ಒಂದರಂತೆ ಬೆಳೆದರೆ ಮಣ್ಣಿನ ರೋಗಗಳು ಉಳಿದುಕೊಳ್ಳುತ್ತವೆ, ಏಕೆಂದರೆ ಮೂರೂ ಒಂದೇ ಕುಟುಂಬದವು. ನಡುವೆ ಸೊಪ್ಪು ಅಥವಾ ಹುರುಳಿಕಾಯಿ ಹಾಕಿ, ಬೆಳೆ ಮುಗಿದಾಗಲೆಲ್ಲ ಮಣ್ಣನ್ನು ಸುರಿದು ಬಿಸಿಲಿಗೆ ಒಣಗಿಸಿ, ಹೊಸ ಗೊಬ್ಬರ ಬೆರೆಸಿ ಮತ್ತೆ ತುಂಬುತ್ತಾರೆ.